ಒಂಟಿ ಕಾಯಿಯನ್ನು ಕಡಿಯುವಂತಿಲ್ಲ: ನಿಮ್ಮ ಮನೆಯ ಚೌಕಾಬಾರದಲ್ಲೂ ಈ ನಿಯಮವಿತ್ತೇ?

ಮದ್ದೂರಿನ ಮೊಮ್ಮಗಳು

ರಜೆ ಬಂದಿತೆಂದು ಮಗಳಿಗೆ ಚೌಕಾಬಾರ ಕಲಿಸಲು ಕುಳಿತೆ. ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆದು, ನಾಲ್ಕು ಬದಿಯ ನಡುಮನೆಗಳಿಗೂ ಕಾಯಿಗಳು ಕೊನೆಗೆ ಸೇರುವ ನಟ್ಟನಡುವಿನ ಹಣ್ಣಿನ ಮನೆಗೂ ಕತ್ತರಿ ಗೆರೆ ಎಳೆದು ಕಟ್ಟೆ ಮಾಡಿದೆ. ಕೈಗೆ ಎಲ್ಲವೂ ನೆನಪಿತ್ತು. ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕೂ ಬಾಯಿ ತೆರೆದು ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು ಎಣಿಸಿ ಬಾರ, ಎರಡಕ್ಕೂ ಮತ್ತೊಂದು ಆಟ. ಹೊರಸುತ್ತು ಎಡಗಡೆಗೋ ಬಲಗಡೆಗೋ ಎಂದು ಒಂದು ಗಳಿಗೆ ತಡವರಿಸಿದೆ. ಕಾಯಿ ಹಿಡಿದ ಕೂಡಲೇ ಅದೂ ಬಂತು: ಹೊರಗೆ ಅಪ್ರದಕ್ಷಿಣೆ, ಒಳಗೆ ಪ್ರದಕ್ಷಿಣೆ.

ಇದನ್ನೆಲ್ಲ ಕಲಿಸಿದವರು ತಾತ, ನನ್ನ ತಾಯಿಯ ತಂದೆ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಬಹಳ ವರ್ಷ ಆಲೆಮನೆ ನಡೆಸಿದವರು. ನಾವು ಮೊಮ್ಮಕ್ಕಳು ಕಂಡದ್ದು ಅದನ್ನೆಲ್ಲ ಬಿಟ್ಟು ಮನೆಯಲ್ಲಿದ್ದ ತಾತನನ್ನು. 1988ರಿಂದ ನಾಲ್ಕೈದು ಬೇಸಿಗೆ, ಊಟವಾಗಿ ಬಿಸಿಲು ಇಳಿಯುವವರೆಗೂ ಜಗಲಿಯ ಮೇಲೆ ಆಟವೇ ಆಟ. ತಾತನ ಕಾಯಿ ಯಾವಾಗಲೂ ಹುಣಸೆ ಬೀಜ, ನನ್ನದು ಒಡೆದ ಹಸಿರು ಬಳೆಯ ಚೂರು, ಮಾವನ ಮಗನದು ಅಂಗಿಯ ಗುಂಡಿ. ಅಜ್ಜಿ ಆಡುತ್ತಿರಲಿಲ್ಲ. ಹೊಸ್ತಿಲ ಬಳಿ ಕುಳಿತು ಮೊರದಲ್ಲಿ ಏನಾದರೂ ಹಸನು ಮಾಡುತ್ತಿದ್ದರು.

ನನ್ನ ಪ್ರಶ್ನೆ ಇಷ್ಟು. ಒಬ್ಬರ ಮೂರು ಕಾಯಿ ಮನೆಯಲ್ಲೇ ಇದ್ದು ಒಂದೇ ಕಾಯಿ ಹೊರಗಿದ್ದರೆ ಅದನ್ನು ಯಾರೂ ಕಡಿಯುವಂತಿಲ್ಲ, ಅಂದರೆ ಹೊಡೆದು ಮನೆಗೆ ಮರಳಿಸುವಂತಿಲ್ಲ, ಎಂದು ತಾತ ಹೇಳುತ್ತಿದ್ದರು. ನನ್ನ ಕಾಯಿ ಹಾಗೆ ಒಂಟಿಯಾಗಿ ನಿಂತಿರುವಾಗ ಮಾವನ ಮಗನಿಗೆ ಸರಿಯಾಗಿ ಮೂರು ಬಿದ್ದರೆ, ತಾತ ಒಮ್ಮೆ ಅಡುಗೆಮನೆಯ ಕಡೆ, ಕಾಫಿ ಬಂತೇನೋ ಎಂಬಂತೆ ನೋಡಿ, ಆಮೇಲೆ ನಿಧಾನವಾಗಿ, “ಒಂಟಿ ಕಾಯಿ. ಬಿಡು” ಎನ್ನುತ್ತಿದ್ದರು. ಆ ಎರಡು ಮಾತಿಗೆ ಎದುರಿರಲಿಲ್ಲ.

ಗಂಡನ ಮನೆಯಲ್ಲಿ ಯಾರೂ ಈ ನಿಯಮ ಕೇಳಿಲ್ಲ. ನಾನೇ ಕಿರಿಯವಳಾದ್ದರಿಂದ ತಾತ ನನಗೋಸ್ಕರ ಮಾಡಿದ ನಿಯಮವೇ ಇದು? ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇತ್ತೇ?


ಧಾರವಾಡ ಕಡೆಯವನು

ನಮ್ಮಲ್ಲಿ ಇಲ್ಲ. ನಮ್ಮ ಅಜ್ಜನ ಆಟ ಇನ್ನೂ ಬಿಗಿ. ಮೊದಲ ಕಾಯಿ ಹೊರಗೆ ಬರಬೇಕಾದರೆ ಒಂದೋ ಚೌಕವೋ ಬಾರವೋ ಬೀಳಲೇಬೇಕು, ಅಲ್ಲಿಯವರೆಗೆ ಸುಮ್ಮನೆ ಕವಡೆ ಕೆಡವುತ್ತ ಕೂರಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇದು ನಿಮ್ಮಲ್ಲೂ ಇರಬೇಕು. ಎರಡು ಕಾಯಿ ಒಂದೇ ಮನೆಯಲ್ಲಿ ಕೂತರೆ ಗಟ್ಟಿ. ಗಟ್ಟಿಯನ್ನು ಕಡಿಯಲು ಗಟ್ಟಿಯೇ ಬೇಕು. ಅಜ್ಜ ಗಟ್ಟಿ ಕಟ್ಟಿಕೊಂಡು ದಾರಿಯ ನಡುವೆ ಕುಳಿತುಬಿಟ್ಟರೆ ಮುಗಿಯಿತು, ಆ ಮಧ್ಯಾಹ್ನ ಯಾರ ಕಾಯಿಯೂ ಮುಂದೆ ಹೋಗುತ್ತಿರಲಿಲ್ಲ. ನಾನು ಅತ್ತರೂ ಬಿಡುತ್ತಿರಲಿಲ್ಲ. ಆದರೆ ಆಟ ಮುಗಿದ ಮೇಲೆ ನನ್ನನ್ನೇ ಕರೆದುಕೊಂಡು ಅಂಗಡಿಗೆ ಹೋಗಿ ಪುಠಾಣಿ, ಬೆಲ್ಲ ಕೊಡಿಸುತ್ತಿದ್ದರು. ಆಟದಲ್ಲಿ ಸಲಿಗೆ ಇಲ್ಲ, ಆಟದ ಹೊರಗೆ ಎಷ್ಟು ಬೇಕಾದರೂ. ನನಗೆ ಅದೇ ಸರಿ ಎನಿಸುತ್ತದೆ. ನಿಮ್ಮ ತಾತನವರ ಮೇಲೆ ಗೌರವವಿಟ್ಟೇ ಹೇಳುತ್ತಿದ್ದೇನೆ.


ಹಾಸನದ ಗಣಿತ ಮೇಷ್ಟ್ರು

ಮದ್ದೂರಿನವರೇ, ನಿಮ್ಮ ನಿಯಮವನ್ನು ಕಾಗದದ ಮೇಲೆ ಆಡಿ ನೋಡಿದೆ. ಹೀಗೇ ಇದ್ದರೆ ಆಟ ನಡೆಯುವುದಿಲ್ಲ. ಶುರುವಿನಲ್ಲಿ ಎಲ್ಲರಿಗೂ ಮೂರು ಕಾಯಿ ಮನೆಯಲ್ಲೇ ಇರುತ್ತವಲ್ಲ? ಆಗ ಯಾರೂ ಯಾರನ್ನೂ ಕಡಿಯುವಂತಿಲ್ಲ. ಜಾಣನಾದವನು ಮೂರನ್ನು ಮನೆಯಲ್ಲೇ ಕೂಡಿಸಿ, ಒಂದೊಂದೇ ಕಾಯಿಯನ್ನು ನಿರ್ಭಯವಾಗಿ ಓಡಿಸಿ ಹಣ್ಣು ಮಾಡಿಬಿಡುತ್ತಾನೆ. ನಿಮಗೆ ಅರ್ಧ ನಿಯಮ ಮಾತ್ರ ನೆನಪಿದೆ. ಉಳಿದರ್ಧ ಎಲ್ಲೋ ಇರಬೇಕು.

ನನಗೆ ಈ ಆಟ ಕಲಿಸಿದ ತಾತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ, “ಎರಡು ಮನೆ ಹಿಂದೆ ಶತ್ರು ಇದ್ದರೆ ಓಡು, ನಾಲ್ಕು ಮನೆ ಹಿಂದೆ ಇದ್ದರೆ ನಿದ್ದೆ ಮಾಡು” ಎನ್ನುತ್ತಿದ್ದರು. ಕಾಲೇಜಿನಲ್ಲಿ ಸಂಭವನೀಯತೆ ಓದುವಾಗ ಇದು ನೆನಪಾಗಿ ಮೈ ಜುಮ್ಮೆಂದಿತು. ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ, ಒಂದು ಮತ್ತು ಮೂರು ತಲಾ ನಾಲ್ಕು ಬಗೆಯಲ್ಲಿ, ಚೌಕ ಒಂದೇ ಒಂದು ಬಗೆಯಲ್ಲಿ, ಬಾರವೂ ಹಾಗೆಯೇ. ನಾಲ್ಕು ಮನೆ ಹಿಂದಿರುವವನು ನಮ್ಮನ್ನು ಕಡಿಯಲು ಚೌಕವೇ ಬೀಳಬೇಕು, ಅಂದರೆ 16ಕ್ಕೆ ಒಂದು. ಎರಡು ಮನೆ ಹಿಂದಿದ್ದರೆ 16ಕ್ಕೆ ಆರು. ನಿಜವಾದ ಕವಡೆಗೆ ಬೆನ್ನೊಂದು ತೂಕ, ಬಾಯೊಂದು ತೂಕ, ಆದ್ದರಿಂದ ಲೆಕ್ಕ ಸ್ವಲ್ಪ ಸರಿಯುತ್ತದೆ. ತಾತ ಅದನ್ನೂ ಬಲ್ಲವರಾಗಿದ್ದರು. ಹೊಸ ಕವಡೆ ತಂದರೆ ಒಂದು ಸಂಜೆಯೆಲ್ಲ ಬರಿದೆ ಕೆಡವಿ ನೋಡಿ, ಒಂದೇ ಬದಿಗೆ ಬೀಳುವ ಕವಡೆಯನ್ನು ತೆಗೆದಿಡುತ್ತಿದ್ದರು.

ತರಗತಿಯಲ್ಲಿ ಸಂಭವನೀಯತೆಯ ಮೊದಲ ಪಾಠಕ್ಕೆ ನಾನು ಇಂದಿಗೂ ಕವಡೆ ತೆಗೆದುಕೊಂಡೇ ಹೋಗುವುದು.


ಮದ್ದೂರಿನ ಮೊಮ್ಮಗಳು

ಮೇಷ್ಟ್ರೇ, ನೀವು ಹೇಳಿದ್ದು ನಿಜ. ಮಾವನ ಮಗನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಉಳಿದರ್ಧ ಹೇಳಿದ: “ಆ ಆಟದಲ್ಲಿ ಒಮ್ಮೆಯಾದರೂ ಕಡಿಸಿಕೊಂಡವರಿಗೆ ಮಾತ್ರ.” ಅಂದರೆ, ಕಡಿಸಿಕೊಂಡು ಮನೆಗೆ ಮರಳಿ, ಒಂದೇ ಕಾಯಿ ಹಿಡಿದು ಮತ್ತೆ ಹೊರಟವರನ್ನು ತಡೆಯುವಂತಿಲ್ಲ. ಜೊತೆಗೆ ಎರಡನೆಯ ಕಾಯಿ ಹೊರಬಿದ್ದರೆ ಅಥವಾ ಕಾಯಿ ಒಳಸುತ್ತಿಗೆ ಹೋದರೆ ರಕ್ಷಣೆ ಮುಗಿಯಿತು. ಅವನಿಗೆ ಇಷ್ಟು ಕರಾರುವಾಕ್ಕಾಗಿ ನೆನಪಿರಲು ಕಾರಣವಿದೆ. ನನ್ನ ಬಳೆ ಚೂರನ್ನು ಕಡಿಯಲಾಗದೆ ಎಷ್ಟು ಆಟ ಸೋತೆ ಎಂದು 35 ವರ್ಷದ ಮೇಲೂ ಎಣಿಸಿ ಹೇಳಿದ.

ಧಾರವಾಡದವರೇ, ಬೇಸರವಿಲ್ಲ. ಕಡಿಯದೆ ಒಳಗೆ ಹೋಗುವಂತಿಲ್ಲ ಎಂಬುದು ನಮ್ಮಲ್ಲೂ ಇತ್ತು.


ಪುತ್ತೂರಿನಿಂದ

ನಮ್ಮದು ಚೌಕಾಬಾರವಲ್ಲ, ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಆ ಬೀಜಗಳ ಕೆಂಪು ಎಷ್ಟು ವರ್ಷವಾದರೂ ಮಾಸುವುದಿಲ್ಲ. ತುಳುನಾಡಿನಲ್ಲಿ ಇದು ಆಟಿ ತಿಂಗಳ ಆಟ. ಗದ್ದೆಯ ಕೆಲಸ ಮುಗಿದು ಜಡಿಮಳೆ ಹಿಡಿದು ಯಾರೂ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಅಟ್ಟದಿಂದ ಮಣೆ ಇಳಿಯುತ್ತಿತ್ತು, ಆಟಿ ಕಳೆದರೆ ಮತ್ತೆ ಅಟ್ಟಕ್ಕೆ.

ನಾವು ಅಕ್ಕತಂಗಿಯರು ಇಬ್ಬರೇ. ಆದರೆ ನಾವಿಬ್ಬರೂ ಎದುರುಬದುರು ಕುಳಿತು ಆಡುವಂತಿರಲಿಲ್ಲ. ತುಳುವಿನ ಹಾಡುಗಥೆಯಾದ ಸಿರಿಯ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುವಾಗ ಮಾತಿಗೆ ಮಾತು ಬೆಳೆದು, ಒಬ್ಬಳು ಮಣೆಯಲ್ಲೇ ಇನ್ನೊಬ್ಬಳಿಗೆ ಹೊಡೆದು ಇಬ್ಬರೂ ಇಲ್ಲವಾದ ಕಥೆಯಿದೆ. ಅದಕ್ಕೇ ಒಡಹುಟ್ಟಿದವರು ಚೆನ್ನೆ ಆಡಬಾರದು ಎಂದು ಮನೆಯಲ್ಲಿ ಕಟ್ಟುನಿಟ್ಟು. ಹಾಗಾದರೆ ನಮ್ಮೊಂದಿಗೆ ಆಡುವವರು ಯಾರು? ಅಪ್ಪನಿಗೆ ಅಡಕೆ ತೋಟ, ಅಮ್ಮನಿಗೆ ಹಟ್ಟಿ. ಉಳಿದವರು ಅಜ್ಜ ಒಬ್ಬರೇ. ಮೊದಲು ಅಕ್ಕನೊಂದಿಗೆ ಒಂದು ಆಟ, ಆಮೇಲೆ ನನ್ನೊಂದಿಗೆ ಒಂದು. ಅಕ್ಕ ಆಡುವಾಗ ನಾನು ಅಜ್ಜನ ಬೆನ್ನಿಗೆ ಆತು ಕುಳಿತು ಅವರ ಕಿವಿಯಲ್ಲಿ, “ಆ ಗುಳಿ ತೆಗೆಯಿರಿ” ಎಂದು ಪಿಸುಗುಡುತ್ತಿದ್ದೆ. ನನ್ನ ಸರದಿ ಬಂದಾಗ ಅಕ್ಕನೂ ಹಾಗೆಯೇ. ಅಂದರೆ ಅಜ್ಜನನ್ನು ನಡುವೆ ಕೂರಿಸಿಕೊಂಡು ನಾವಿಬ್ಬರೇ ಆಡುತ್ತಿದ್ದೆವು. ಅಜ್ಜನಿಗೆ ಅದು ಗೊತ್ತಿತ್ತೆಂದು ಈಗ ಅನಿಸುತ್ತದೆ. ಒಮ್ಮೆಯೂ ನಮ್ಮ ಪಿಸುಮಾತು ಮೀರಿ ಗುಳಿ ತೆಗೆದವರಲ್ಲ.

ಅಜ್ಜ ತೀರಿಕೊಂಡ ವರ್ಷದ ಆಟಿಯಲ್ಲಿ ಮಣೆ ಇಳಿಯಲಿಲ್ಲ.


ಹೊಸಪೇಟೆಯವನು

ಮೇಲಿನ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದೆ.

ನನ್ನ ತಾತನದು ಹುಲಿ-ಕುರಿ ಆಟ. ತ್ರಿಕೋನದ ಮನೆ, 23 ಬಿಂದು, ಮೂರು ಹುಲಿ, 15 ಕುರಿ. ಹುಲಿ ಕುರಿಯ ಮೇಲೆ ನೆಗೆದು ತಿನ್ನುತ್ತದೆ, ಕುರಿಗಳೆಲ್ಲ ಸೇರಿ ಹುಲಿ ಅಲುಗದಂತೆ ಕಟ್ಟಿಹಾಕಬೇಕು. ನಾನು ಮೊದಲು ಈ ಮನೆಯನ್ನು ಕಂಡದ್ದು ಕಾಗದದ ಮೇಲಲ್ಲ, ಹಂಪಿಯ ಮಂಟಪದ ಕಲ್ಲುಹಾಸಿನ ಮೇಲೆ. ತಾತ ನನ್ನನ್ನು ಜಾತ್ರೆಗೆ ಕರೆದೊಯ್ದಾಗ ಬಿಸಿಲಿಗೆ ಮಂಟಪ ಸೇರಿದೆವು. ನೆಲದಲ್ಲಿ ಕೊರೆದ ಗೆರೆಗಳ ಧೂಳನ್ನು ಅವರು ಟವೆಲಿನಿಂದ ಒರೆಸಿ, “ಇಲ್ಲಿ ಯಾರೋ ನಮಗೆ ಮನೆ ಬರೆದಿಟ್ಟು ಹೋಗಿದ್ದಾರೆ” ಎಂದರು. ಮೂರು ದೊಡ್ಡ ಕಲ್ಲು, 15 ಸಣ್ಣ ಕಲ್ಲು ಆರಿಸಿ ಅಲ್ಲೇ ಆಡಿದೆವು. ಎಷ್ಟು ತಲೆಮಾರಿನ ಕೈ ಆ ಗೆರೆಗಳ ಮೇಲೆ ಓಡಾಡಿತ್ತೋ, ಕಲ್ಲು ಅಲ್ಲಿ ನುಣುಪಾಗಿತ್ತು.

ತಾತ ಯಾವತ್ತೂ ಹುಲಿ ಹಿಡಿಯುತ್ತಿರಲಿಲ್ಲ. ನನಗೋ ಹುಲಿಯೇ ಬೇಕು. ಅವರು ಕುರಿಗಳನ್ನು ಒಂದೊಂದಾಗಿ ತಳಗೆರೆಯ ಅಂಚಿನಿಂದ ಇಡುತ್ತ ಬರುತ್ತಿದ್ದರು, ಏಕೆಂದರೆ ಅಂಚಿನ ಕುರಿಯ ಬೆನ್ನ ಹಿಂದೆ ಹುಲಿಗೆ ನೆಗೆದಿಳಿಯಲು ಜಾಗವಿಲ್ಲ. ಹದಿನೈದೂ ಕೆಳಗಿಳಿಯುವ ತನಕ ಇಟ್ಟ ಕುರಿಯನ್ನು ಅಲುಗಿಸುವಂತಿಲ್ಲ, ಆದ್ದರಿಂದ ಇಡುವಾಗಲೇ ಮುಂದಿನದು ಕಾಣಬೇಕು. ಮೊದಮೊದಲು ಎರಡು ಕುರಿ ಸಿಕ್ಕಿ ನಾನು ಕುಣಿಯುತ್ತಿದ್ದೆ. ಆಮೇಲೆ ನೋಡಿದರೆ ನನ್ನ ಹುಲಿಗಳಿಗೆ ಉಸಿರಾಡಲು ಜಾಗವಿರುತ್ತಿರಲಿಲ್ಲ. ಆ ಎರಡನ್ನು ಅವರು ಬೇಕೆಂದೇ ಕೊಟ್ಟಿದ್ದರೆಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಅವರು ಜೀವಮಾನವಿಡೀ ಕುರಿ ಕಾಯ್ದವರು. ಹುಲಿ ಯಾಕೆ ಹಿಡಿಯುವುದಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, “ನನ್ನ ಕೈಯಿಂದ ಕುರಿ ತಿನ್ನಿಸಲಾರೆ” ಎಂದರು.


ಮೈಸೂರಿನ ಹಳಬ

ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಯಾರ ನಿಯಮ ಸರಿ, ಯಾರದು ತಪ್ಪು ಎಂಬ ಮಾತು ನಡುನಡುವೆ ಬರುತ್ತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳಲ್ಲಿ ಎಂಥ ಆಸಕ್ತಿಯಿತ್ತೆಂದರೆ, ಇದ್ದ ಆಟಗಳನ್ನು ಬರೆಸಿಟ್ಟದ್ದಲ್ಲದೆ ತಾವೇ ಹೊಸ ಮನೆಗಳನ್ನು, ಹೊಸ ನಿಯಮಗಳನ್ನು ಕಟ್ಟಿದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟದ ಮನೆಗಳ ಚಿತ್ರಗಳಿವೆ. ಚಿಕ್ಕಂದಿನಲ್ಲಿ ತಾತ ನನ್ನನ್ನು ಅಲ್ಲಿಗೆ ಕರೆದೊಯ್ದಾಗ ಒಂದೊಂದು ಮನೆಯ ಮುಂದೆಯೂ ನಿಂತು, ಕಾಯಿ ಎಲ್ಲಿಂದ ಹೊರಟು ಎಲ್ಲಿ ಹಣ್ಣಾದೀತೆಂದು ಗಾಳಿಯಲ್ಲಿ ಬೆರಳಾಡಿಸುತ್ತಿದ್ದರು. ಅರಸನೊಬ್ಬ ನಿಯಮ ಕಟ್ಟಬಹುದಾದರೆ ಮದ್ದೂರಿನ ಜಗಲಿಯ ಮೇಲೂ ಒಂದು ನಿಯಮ ಹುಟ್ಟಬಹುದು. ನಮ್ಮ ಮನೆಯಲ್ಲಿ ಆರು ಕವಡೆಯ, ಏಳಕ್ಕೆ ಏಳು ಮನೆಯ ದೊಡ್ಡ ಆಟವೂ ಇತ್ತು. ಶಿವರಾತ್ರಿಯ ಜಾಗರಣೆಗೆ ಅದೇ.


ಕಲಬುರಗಿ ಓದುಗ

ನಮ್ಮ ಮುತ್ಯಾ ಕೂತು ಆಡುವ ಆಟ ಆಡಿದವರಲ್ಲ. ಅವರದು ಬುಗುರಿ. ಎಪ್ಪತ್ತು ದಾಟಿದ ಮೇಲೂ ಹಗ್ಗ ಸುತ್ತಿ ಬೀಸಿ, ನೆಲ ಮುಟ್ಟುವ ಮೊದಲೇ ಅಂಗೈಯಲ್ಲಿ ಹಿಡಿದು, ತಿರುಗುತ್ತಿರುವ ಬುಗುರಿಯನ್ನು ನನ್ನ ಅಂಗೈಗೆ ದಾಟಿಸುತ್ತಿದ್ದರು. ಆ ಕಚಗುಳಿ ಇನ್ನೂ ಕೈಯಲ್ಲಿದೆ. ಬೇರೇನೂ ಹೇಳಲು ತೋಚುತ್ತಿಲ್ಲ.


ನ್ಯೂಜೆರ್ಸಿಯಲ್ಲಿರುವ ತುಮಕೂರಿನವಳು

ನಮ್ಮ ಮನೆಯಲ್ಲಿ ಕವಡೆ ಇರಲಿಲ್ಲ. ತಾತ ಹುಣಸೆ ಬೀಜವನ್ನು ಒರಟು ಕಲ್ಲಿನ ಮೇಲೆ ಒಂದು ಬದಿ ಬಿಳಿ ಕಾಣುವ ತನಕ ತೇಯ್ದು ದಾಳ ಮಾಡುತ್ತಿದ್ದರು. ತೇಯುವಾಗ ಬೆರಳು ಸುಡುತ್ತದೆ. ಬಿಸಿಯಾದ ಬೀಜವನ್ನು ತಾತ ತಮ್ಮ ಮೊಣಕೈಗೆ ತಾಗಿಸಿ ನೋಡಿ, ತಣ್ಣಗಾದ ಮೇಲೆ ನನ್ನ ಕೈಗೆ ಕೊಡುತ್ತಿದ್ದರು.

ಈಗ ನನ್ನ ಅಪ್ಪ ತಾತನಾಗಿದ್ದಾರೆ. ತುಮಕೂರಿನಲ್ಲಿ ಅವರೊಂದು ಮನೆ ಬರೆದುಕೊಂಡು, ಇಲ್ಲಿ ನನ್ನ ಮಗ ಒಂದು ಮನೆ ಬರೆದುಕೊಂಡು, ಮೊಬೈಲ್‌ನಲ್ಲಿ ಮುಖ ನೋಡುತ್ತ ಆಡುತ್ತಾರೆ. ಅವರಿಗೆ ಬೆಳಗ್ಗೆ ಏಳೂವರೆ, ನಮಗೆ ಹಿಂದಿನ ರಾತ್ರಿ ಹತ್ತು. ಮಗನಿಗೆ ನಿದ್ದೆಯ ಹೊತ್ತು, ಆದರೂ ತಡೆಯುವುದಿಲ್ಲ. ಬೀಜ ಬಿದ್ದದ್ದು ಎಷ್ಟೆಂದು ಅವರವರೇ ಕೂಗಿ ಹೇಳಬೇಕು. ಕ್ಯಾಮೆರಾ ತಿರುಗಿಸಿ ತೋರಿಸು ಎಂದು ಅಪ್ಪ ಇದುವರೆಗೆ ಒಮ್ಮೆಯೂ ಕೇಳಿಲ್ಲ. ಒಂದು ದಿನ ಮಗ ಚೌಕ ಎಂದು ಕೂಗಿ ಕಾಯಿ ನಡೆಸಿ, ಸ್ವಲ್ಪ ಹೊತ್ತಿನ ಮೇಲೆ ತಾನೇ, “ತಾತ, ಅದು ಮೂರು” ಎಂದ. ಅಪ್ಪ, “ಹಾಗಾದರೆ ಒಂದು ಮನೆ ಹಿಂದೆ ಬಾ” ಎಂದಷ್ಟೇ ಹೇಳಿ ತಮ್ಮ ಬೀಜ ಕೆಡವಿದರು.


ತೀರ್ಥಹಳ್ಳಿಯಿಂದ

ಎಲ್ಲವನ್ನೂ ಓದಿದೆ. ನನ್ನ ಅಜ್ಜಯ್ಯನ ನೆನಪೂ ಉಕ್ಕಿ ಬಂತು. ಆದರೂ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ಇಷ್ಟೊಂದು ಜಗಲಿ, ಇಷ್ಟೊಂದು ಮಧ್ಯಾಹ್ನ, ಅಜ್ಜಿಯರು ಎಲ್ಲಿದ್ದರು? ನಮ್ಮ ಕಡೆ ಮನೆಯೊಳಗಿನ ಆಟಗಳನ್ನೆಲ್ಲ ಕಾಪಾಡಿದವರು ಹೆಂಗಸರು. ಅಜ್ಜಯ್ಯ ಆಡಿದ್ದು ನಮಗೆ ಕಂಡಿತು, ಏಕೆಂದರೆ ಅವರಿಗೆ ಕೂರಲು ಬಿಡುವಿತ್ತು. ಅದೇ ಹೊತ್ತಿನಲ್ಲಿ ಸಂಜೆಯ ತಿಂಡಿಗೆ ಅಕ್ಕಿ ರುಬ್ಬುತ್ತಿದ್ದವರಿಗೂ ಆ ಆಟ ಬರುತ್ತಿತ್ತೇ ಎಂದು ನಾನಂತೂ ಕೇಳಿರಲಿಲ್ಲ, ಈಗ ಕೇಳಲು ಅವರಿಲ್ಲ. ಮದ್ದೂರಿನವರೇ, ನಿಮ್ಮ ಅಜ್ಜಿ ಹೊಸ್ತಿಲ ಬಳಿ ಕುಳಿತಿರುತ್ತಿದ್ದರು ಎಂದಿರಿ. ಅವರಿಗೆ ಚೌಕಾಬಾರ ಬರುತ್ತಿತ್ತೇ?


ಮದ್ದೂರಿನ ಮೊಮ್ಮಗಳು

ತೀರ್ಥಹಳ್ಳಿಯವರೇ, ನಿಮ್ಮ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನಾಚಿಕೆಯಾಯಿತು. ಆಗ ನನಗೆ ಎಂಟೊಂಬತ್ತು ವರ್ಷ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅಜ್ಜಿ ಬದುಕಿದ್ದದ್ದು ನನಗೆ 24 ತುಂಬುವವರೆಗೆ.

ಭಾನುವಾರ ದೊಡ್ಡ ಮಾವ ಮನೆಗೆ ಬಂದಿದ್ದರು. ಅವರಿಗೀಗ ಎಪ್ಪತ್ತು. ಮಗಳು ನೆಲದ ಮೇಲೆ ಬರೆದಿದ್ದ ಮನೆ ಹಾಗೇ ಇತ್ತು. ತಾತ ನಿಮಗೂ ಈ ಒಂಟಿ ಕಾಯಿಯ ನಿಯಮ ಹೇಳಿದ್ದರೇ ಎಂದು ಕೇಳಿದೆ. ಮಾವ ನನ್ನನ್ನೇ ನೋಡಿದರು. “ಅಪ್ಪ ನಮ್ಮೊಂದಿಗೆ ಒಂದು ದಿನವೂ ಕವಡೆ ಹಿಡಿದವರಲ್ಲ” ಎಂದರು. ಕಬ್ಬು ಅರೆಯುವ ದಿನಗಳಲ್ಲಿ ಕೊಪ್ಪರಿಗೆಯ ಬಳಿಯೇ ಇದ್ದು, ಮಕ್ಕಳು ಮಲಗಿದ ಮೇಲೆ ಬರುತ್ತಿದ್ದರಂತೆ, ಏಳುವ ಮೊದಲೇ ಹೋಗುತ್ತಿದ್ದರಂತೆ. ಉಳಿದ ದಿನ ಗದ್ದೆ. ನಾನು ಬಲ್ಲ ತಾತನನ್ನು ಮಾವ ಬಲ್ಲವರೇ ಅಲ್ಲ.

ಚೌಕಾಬಾರ ಬರುತ್ತಿದ್ದದ್ದು ಅಜ್ಜಿಗೆ. ಮಾವನಿಗೆ, ಅಮ್ಮನಿಗೆ ಕಲಿಸಿದವರೂ ಅವರೇ. ಕಾಲುನೋವಿನಿಂದ ತಾತ ಆಲೆಮನೆ ಬಿಟ್ಟು ಮನೆ ಹಿಡಿದಾಗ, ಹಗಲೆಲ್ಲ ಕಂಬಕ್ಕೆ ಒರಗಿ ಬೀದಿ ನೋಡುತ್ತ ಕೂರುತ್ತಿದ್ದರಂತೆ, ಯಾರೊಂದಿಗೂ ಮಾತಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಅವರ ಮುಂದೆ ಮನೆ ಬರೆದು ಕವಡೆ ಇಟ್ಟರಂತೆ. ಅರವತ್ತು ದಾಟಿದ ಮೇಲೆ ಕಲಿತ ಆಟ. ಎದುರು ಕುಳಿತವರು ಹುಟ್ಟಿನಿಂದ ಆಡಿದವರು. ತಾತನ ಕಾಯಿ ಹೊರಡುವುದೇ ತಡ, ಅಜ್ಜಿ ಕಡಿಯುವುದು. ಎರಡು ಸಲ ಕಡಿಸಿಕೊಂಡರೆ ತಾತ ಎದ್ದು ಮತ್ತೆ ಕಂಬದ ಬಳಿ ಹೋಗುವುದು. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವರು ಏಳಹೊರಟಾಗ ಅಜ್ಜಿ ಕವಡೆ ಕೆಳಗಿಟ್ಟು, “ಕಡಿಸಿಕೊಂಡವರ ಒಂಟಿ ಕಾಯಿಯನ್ನು ಮುಟ್ಟುವಂತಿಲ್ಲ, ಕುಳಿತುಕೊಳ್ಳಿ” ಎಂದರಂತೆ. ಮಾವ ಅಲ್ಲೇ ಬಾಗಿಲಲ್ಲಿ ನಿಂತಿದ್ದರು.

ನಾವು ಮೊಮ್ಮಕ್ಕಳು ರಜೆಗೆ ಬರತೊಡಗಿದ ಮೇಲೆ ಆಟದ ನಾಲ್ಕು ಬದಿಯೂ ತುಂಬಿಕೊಂಡಿತು. ಅಜ್ಜಿ ತಮ್ಮ ಬದಿಯನ್ನು ನನಗೆ ಬಿಟ್ಟು ಹೊಸ್ತಿಲಿಗೆ ಹೋದರು.

ಮೊದಲ ಬರಹದಲ್ಲಿ ತಾತ ಕಾಫಿಗಾಗಿ ಅಡುಗೆಮನೆಯ ಕಡೆ ನೋಡುತ್ತಿದ್ದಂತೆ ಬರೆದಿದ್ದೆ. ಅದನ್ನು ತಿದ್ದಿಕೊಳ್ಳುತ್ತಿದ್ದೇನೆ.

ಮಾವ ಸಂಜೆಯವರೆಗೂ ಇದ್ದು ಮಗಳೊಂದಿಗೆ ಎರಡು ಆಟ ಆಡಿದರು. ಈ ನಿಯಮವನ್ನು ಅಜ್ಜಿ ಆ ಹೊತ್ತಿಗೆ ಕಟ್ಟಿದ್ದೋ, ತವರಿನಿಂದ ತಂದದ್ದೋ ಎಂಬುದು ಅವರಿಗೂ ತಿಳಿಯದು. ಅಜ್ಜಿಯ ತವರು ಕೊಳ್ಳೇಗಾಲದ ಕಡೆ. ಅಲ್ಲಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಿರಿಯ ಹೆಂಗಸರನ್ನು ಒಮ್ಮೆ ಕೇಳಿ ಇಲ್ಲಿ ಬರೆಯುತ್ತೀರಾ?